ತಿಳಿದು ಕೊಡುವ ವಿದ್ಯೆ

2019ರ ಮಳೆಗಾಲದ ಆರಂಭದಲ್ಲಿ ಒಂದು ವಿಡಿಯೊ ದೇಶವೆಲ್ಲ ಸುತ್ತಿತು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ತಾವೇ ರೂಪಿಸಿದ ಯಂತ್ರದ ಮೇಲೆ ಕುಳಿತು, ಪುಟ್ಟ ಪೆಟ್ರೋಲ್ ಎಂಜಿನ್ನಿನ ಬಲದಿಂದ ಸುಮಾರು ಅರ್ಧ ನಿಮಿಷದಲ್ಲಿ ಅಡಿಕೆ ಮರದ ತುದಿ ಮುಟ್ಟುತ್ತಿದ್ದರು. ಮರ ಏರುವವರು ಸಿಗದೆ, ಮದ್ದು ಬಿಡುವ ಹೊತ್ತು ಮೀರಿ, ಕಣ್ಣೆದುರೇ ಕೊಳೆರೋಗಕ್ಕೆ ಫಸಲು ಉದುರುವುದನ್ನು ಕಂಡ ಬೆಳೆಗಾರರಿಗೆ ಆ ಯಂತ್ರದ ಬೆಲೆ ವಿವರಿಸಿ ಹೇಳಬೇಕಾಗಿರಲಿಲ್ಲ. ಉದ್ಯಮಿ ಆನಂದ್ ಮಹೀಂದ್ರಾ ಅವರೂ ಅದನ್ನು ಮೆಚ್ಚಿ ಹಂಚಿಕೊಂಡರು. ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ ಹುಟ್ಟಿದ ಯೋಚನೆ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರ ಕೈಯಲ್ಲಿತ್ತು.

ಇಂಥ ಸುದ್ದಿಗಳು ನಮ್ಮ ಊರಿಗೆ ಅಪರೂಪವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟಗಳಲ್ಲಿ ಅಡಿಕೆ ಸುಲಿಯುವ, ಗೊಬ್ಬರ ಹೊರುವ, ಕಾಳುಮೆಣಸು ಬಿಡಿಸುವ ಸಲಕರಣೆಗಳನ್ನು ಯಾರೋ ಒಬ್ಬರು ಬೆಸುಗೆ ಹಾಕಿ ಮಾಡಿಕೊಂಡೇ ಇರುತ್ತಾರೆ. ನೆರೆಯವರು ಬಂದು ನೋಡುತ್ತಾರೆ, ಪತ್ರಿಕೆಯವರು ಬರೆಯುತ್ತಾರೆ, ಕೃಷಿ ಮೇಳದಲ್ಲಿ ಇಡುತ್ತಾರೆ. ತೋರಿಸುವುದಕ್ಕೂ ಹೇಳಿಕೊಡುವುದಕ್ಕೂ ಇಲ್ಲಿ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಇದು ನಮ್ಮ ದೊಡ್ಡ ಗುಣ. ಆದರೆ ಈ ಗುಣದ ಜೊತೆಗೆ ಇರಲೇಬೇಕಾದ ಒಂದು ತಿಳಿವಳಿಕೆ ನಮ್ಮಲ್ಲಿ ಕಡಿಮೆ. ತನ್ನ ಯೋಚನೆಯನ್ನು ಊರಿಗೆಲ್ಲ ಕೊಡುತ್ತಿದ್ದೇನೆ ಎಂದು ಗೊತ್ತಿದ್ದು ಕೊಟ್ಟರೆ ಅದು ದಾನ. ಕೊಟ್ಟೆನೆಂಬುದೇ ಗೊತ್ತಾಗದೆ ಹೋದರೆ ಅದು ನಷ್ಟ. ಇವೆರಡರ ನಡುವಿನ ವ್ಯತ್ಯಾಸವನ್ನು ಹೇಳಿಕೊಡುವ ವಿದ್ಯೆಗೆ ಬೌದ್ಧಿಕ ಆಸ್ತಿ ಕಾನೂನು ಎಂದು ಹೆಸರು.

ಪದವಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಉಜಿರೆಯ, ಮೂಡುಬಿದಿರೆಯ, ಬಂಟ್ವಾಳದ ವಿದ್ಯಾರ್ಥಿಗಳು ಈ ವಿದ್ಯೆಯ ಕಡೆಗೆ ನೋಡಬೇಕು. ಅದಕ್ಕೆ ಕಾರಣಗಳೆಲ್ಲ ಅವರ ಮನೆಯ ಸುತ್ತಮುತ್ತಲೇ ಇವೆ.

ತೋರಿಸುವ ಮೊದಲು

ಭಾರತದ ಪೇಟೆಂಟ್ ಕಾಯ್ದೆ 1970ರದು. ಒಂದು ಆವಿಷ್ಕಾರಕ್ಕೆ ಪೇಟೆಂಟ್ ಸಿಗಬೇಕಾದರೆ ಮೂರು ಪರೀಕ್ಷೆ ದಾಟಬೇಕು. ಅದು ಜಗತ್ತಿಗೆ ಹೊಸದಾಗಿರಬೇಕು. ಆ ಕೆಲಸ ಬಲ್ಲ ಯಾರಿಗಾದರೂ ಸುಲಭವಾಗಿ ಹೊಳೆಯುವಂತಿರಬಾರದು. ತಯಾರಿಸಿ ಬಳಸಲು ಬರುವಂತಿರಬೇಕು. ಸಿಕ್ಕಿದರೆ, ಅರ್ಜಿ ಹಾಕಿದ ದಿನದಿಂದ 20 ವರ್ಷಗಳವರೆಗೆ ಒಡೆಯನ ಒಪ್ಪಿಗೆಯಿಲ್ಲದೆ ಬೇರೆಯವರು ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ.

ನಮ್ಮ ಊರಿನವರು ಎಡವುವುದು ಮೊದಲ ಪರೀಕ್ಷೆಯಲ್ಲೇ. ಹೊಸದು ಎಂಬುದಕ್ಕೆ ಕಾನೂನು ಕೊಡುವ ಅರ್ಥ ಬಹಳ ಕಠಿಣ. ಅರ್ಜಿ ಹಾಕುವ ಮೊದಲು ಅದರ ಗುಟ್ಟು ಎಲ್ಲಿಯಾದರೂ ಬಹಿರಂಗವಾಗಿದ್ದರೆ ಅದು ಹೊಸದಲ್ಲ. ಬಹಿರಂಗಪಡಿಸಿದವನು ಕಂಡುಹಿಡಿದವನೇ ಆಗಿದ್ದರೂ ಮಾತು ಅದೇ. ಯಂತ್ರದ ಒಳಗನ್ನು ಬಿಚ್ಚಿ ತೋರಿಸುವ ವಿಡಿಯೊ, ಸಚಿತ್ರ ಪತ್ರಿಕಾ ಲೇಖನ, ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನ, ವಿಚಾರ ಸಂಕಿರಣದ ಪ್ರಬಂಧ, ಯಾವುದಾದರೂ ಬಾಗಿಲು ಮುಚ್ಚಬಲ್ಲದು. ಸರ್ಕಾರ ಅಧಿಸೂಚನೆ ಹೊರಡಿಸಿದ ವಸ್ತುಪ್ರದರ್ಶನದಲ್ಲಿ ಇಟ್ಟರೆ 12 ತಿಂಗಳ ರಿಯಾಯಿತಿ ಉಂಟು. ಆದರೆ ನಾವು ಸಾಮಾನ್ಯವಾಗಿ ಹೋಗುವ ಮೇಳಗಳಿಗೆಲ್ಲ ಅಂಥ ಅಧಿಸೂಚನೆ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ. ಬಯಲಿನಲ್ಲಿ ಪರೀಕ್ಷಿಸಿ ನೋಡದೆ ಬೇರೆ ದಾರಿಯೇ ಇಲ್ಲದ ಯಂತ್ರಗಳಿಗೂ ಕಾಯ್ದೆ ಒಂದು ವರ್ಷದ ಮಟ್ಟಿಗೆ ಸ್ವಲ್ಪ ಆಸರೆ ಕೊಟ್ಟಿದೆ. ಅಡಿಕೆ ಮರ ಏರುವ ಯಂತ್ರವನ್ನು ಮರದ ಮೇಲಲ್ಲದೆ ಇನ್ನೆಲ್ಲಿ ಪರೀಕ್ಷಿಸುವುದು? ಅಷ್ಟಕ್ಕೆ ಕಾನೂನು ತೊಡಕು ಮಾಡುವುದಿಲ್ಲ. ತೊಡಕಾಗುವುದು ಪರೀಕ್ಷೆ ಪ್ರದರ್ಶನವಾಗಿ ಬದಲಾದಾಗ.

ಇದಕ್ಕೆ ಪರಿಹಾರವೂ ಅದೇ ಕಾಯ್ದೆಯಲ್ಲಿದೆ. ಯಂತ್ರ ಪೂರ್ತಿ ಆಗುವವರೆಗೆ ಕಾಯಬೇಕಿಲ್ಲ. ತಾತ್ಕಾಲಿಕ ವಿವರಣೆಯೊಂದನ್ನು ಸಲ್ಲಿಸಿ ದಿನಾಂಕ ಹಿಡಿದಿಟ್ಟುಕೊಳ್ಳಬಹುದು. ಪೂರ್ಣ ವಿವರಣೆಗೆ 12 ತಿಂಗಳು ಸಮಯವಿದೆ. ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 1,600 ರೂಪಾಯಿ. ಮುಂದೆ ಪರೀಕ್ಷಣೆಗೆ ಕೋರಿಕೆ ಸಲ್ಲಿಸುವಾಗ 4,000 ರೂಪಾಯಿ. ಕರ್ನಾಟಕದವರ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಮೇಳಕ್ಕೆ ಹೋಗುವ ಮುನ್ನಾದಿನ ಅರ್ಜಿ ಹಾಕಿ ಮರುದಿನ ಊರಿಗೆಲ್ಲ ತೋರಿಸಿದರೂ ಹಕ್ಕಿಗೆ ಧಕ್ಕೆಯಿಲ್ಲ. ಒಂದು ದಿನದ ಹಿಂದುಮುಂದಿನಲ್ಲಿ 20 ವರ್ಷದ ಹಕ್ಕು ನಿಂತಿರುತ್ತದೆ. ಈ ಮಾತನ್ನು ಆ ಮುನ್ನಾದಿನ ಹೇಳಬಲ್ಲ ಒಬ್ಬ ಪದವೀಧರ ಪಕ್ಕದ ಮನೆಯಲ್ಲಿರಬೇಕು. ಪೇಟೆಂಟ್ ಕಲಿಯಲು ನಾನು ಕೊಡುವ ಮೊದಲ ಕಾರಣ ಇದು.

ಒಂದೇ ತೋಟದಲ್ಲಿ ಹಲವು ಹಕ್ಕು

ಪೇಟೆಂಟ್ ಎಂಬ ಒಂದೇ ಹೆಸರಿನಿಂದ ನಾವು ಎಲ್ಲವನ್ನೂ ಕರೆಯುತ್ತೇವೆ. ಕಾನೂನಿನಲ್ಲಿ ಹಾಗಿಲ್ಲ. ಬೆಳ್ತಂಗಡಿಯ ಒಂದು ತೋಟವನ್ನೇ ಕಣ್ಣೆದುರು ತಂದುಕೊಳ್ಳಿ. ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಹೊಸ ಬಗೆಯ ಯಂತ್ರ ಮಾಡಿದರೆ ಅದಕ್ಕೆ ಪೇಟೆಂಟ್ ಕೇಳಬಹುದು. ತಟ್ಟೆಯ ಆಕಾರ ಚೆಲುವಾಗಿ ಹೊಸದಾಗಿದ್ದರೆ 2000ನೇ ಇಸವಿಯ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದು. ಅದರ ಅವಧಿ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ಮಾರಾಟಕ್ಕೆ ಇಟ್ಟ ಹೆಸರು ಮತ್ತು ಗುರುತು ಟ್ರೇಡ್‌ಮಾರ್ಕ್. ಪೊಟ್ಟಣದ ಮೇಲಿನ ಚಿತ್ರ, ಯಂತ್ರದ ಕೈಪಿಡಿಯ ಬರಹ ಕೃತಿಸ್ವಾಮ್ಯಕ್ಕೆ ಸೇರುತ್ತವೆ. ಅದೇ ತೋಟದ ಗದ್ದೆಯಲ್ಲಿ ಅಜ್ಜನ ಕಾಲದಿಂದ ಉಳಿಸಿಕೊಂಡ ಭತ್ತದ ತಳಿಗೆ ಬೇರೆಯದೇ ಕಾಯ್ದೆ. ಆದರೆ ಅಡಿಕೆ ಗಿಡಗಳ ನಡುವಿನ ಅಂತರವನ್ನೋ ಮದ್ದು ಬಿಡುವ ಕ್ರಮವನ್ನೋ ಎಷ್ಟು ಜಾಣತನದಿಂದ ಬದಲಿಸಿದರೂ ಅದಕ್ಕೆ ಪೇಟೆಂಟ್ ಇಲ್ಲ. ಬೇಸಾಯದ ಪದ್ಧತಿಗಳನ್ನು ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಹೊರಗಿಟ್ಟಿದೆ. ಸಿಂಪಡಿಸುವ ಯಂತ್ರಕ್ಕೆ ಹಕ್ಕು ಸಿಗಬಹುದು, ಸಿಂಪಡಿಸುವ ಕ್ರಮಕ್ಕೆ ಸಿಗದು. ಯಾವುದು ಯಾವ ಕಾಯ್ದೆಗೆ ಸೇರುತ್ತದೆ ಎಂದು ಬೇರ್ಪಡಿಸುವುದೇ ಈ ವಿದ್ಯೆಯ ಮೊದಲ ಪಾಠ.

ಹೆಸರು ಮತ್ತು ಗುರುತಿನ ಬೆಲೆ ಎಷ್ಟೆಂದು ಅರಿಯಲು ಈ ಮೂರೂ ತಾಲ್ಲೂಕುಗಳ ಮನೆಮನೆಯ ಜಗಲಿ ಸಾಕು. ದಶಕಗಳ ಕಾಲ ಇಲ್ಲಿನ ಹೆಂಗಸರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಎಲೆ, ಹೊಗೆಸೊಪ್ಪು ತಂದು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ದು ಕೊಟ್ಟ ಮೇಲೆ ಅದಕ್ಕೆ ಒಂದು ಲೇಬಲ್ಲು ಅಂಟುತ್ತದೆ. ಆ ಲೇಬಲ್ಲಿನ ಶಕ್ತಿ ಏನೆಂದು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸಂಸ್ಥೆಯ ಪ್ರಕರಣ ತೋರಿಸುತ್ತದೆ. ಪಾಲುದಾರರಲ್ಲಿ ಭಿನ್ನಾಭಿಪ್ರಾಯ ಬಂದು 1987ರಲ್ಲಿ ಸಂಸ್ಥೆ ವಿಸರ್ಜನೆಯಾಯಿತು. 1994ರಲ್ಲಿ ಪಾಲುದಾರರೊಳಗೇ ನಡೆದ ಹರಾಜಿನಲ್ಲಿ ಮೂವರು ಸೇರಿ 92 ಕೋಟಿ ರೂಪಾಯಿಗೆ ಅದನ್ನು ಕೊಂಡರು. ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ, ತಯಾರಿಕೆಯ ತಿಳಿವಳಿಕೆಗಾಗಿ ಕೊಟ್ಟ ಹಣವನ್ನು ಆದಾಯ ತೆರಿಗೆಯಲ್ಲಿ ಹೇಗೆ ಲೆಕ್ಕ ಹಿಡಿಯಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2015ರಲ್ಲಿ ತೀರ್ಪಾಯಿತು. ಬೀಡಿಯ ಹಾನಿ ಬೇರೆ ವಿಷಯ. ಇಲ್ಲಿ ನೋಡಬೇಕಾದದ್ದು, ಕೈಗೆ ಸಿಗದ ಹೆಸರೊಂದು ಕೋಟಿಗಟ್ಟಲೆ ಬೆಲೆಯ ಆಸ್ತಿಯಾಗುವ ರೀತಿಯನ್ನು. ಕೈ ನಮ್ಮದು, ಹೆಸರು ಬೇರೆಯವರದು ಎಂಬ ಸ್ಥಿತಿಯಲ್ಲಿ ಒಂದು ತಲೆಮಾರು ಕಳೆಯಿತು. ಈಗ ಹಪ್ಪಳ, ಜೇನು, ಹಲಸಿನ ಚಿಪ್ಸ್, ಕುಚ್ಚಲಕ್ಕಿ ಮಾಡಿ ಮಾರುತ್ತಿರುವ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ಹೆಸರೂ ಅವರದೇ ಆಗಿರಬೇಕು ಎಂದು ಹೇಳಿಕೊಡುವವರು ಬೇಕು.

ಒಬ್ಬರ ಹೆಸರಿಗಲ್ಲದೆ ಊರಿನ ಹೆಸರಿಗೇ ಸಿಗುವ ಹಕ್ಕೂ ಉಂಟು. ಭೌಗೋಳಿಕ ಗುರುತು, ಅಂದರೆ ಜಿಐ. ಅದರ ಕಾಯ್ದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ಪಕ್ಕದ ಉಡುಪಿಯ ಮಲ್ಲಿಗೆಗೆ, ಮಟ್ಟು ಗುಳ್ಳಕ್ಕೆ ಅದು ಸಿಕ್ಕಿದೆ. ಶಿರಸಿಯ ಅಡಿಕೆಗೆ 2019ರಲ್ಲಿ ಸಿಕ್ಕಿತು. ಇದು ಬೆಳೆಗಾರರ ಸಮುದಾಯದ ಹಕ್ಕು. ಹತ್ತು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಆದರೆ ಅರ್ಜಿಯ ಜೊತೆಗೆ ಪುರಾವೆ ಬೇಕು. ಈ ಬೆಳೆಯ ಗುಣ ಈ ನೆಲದಿಂದಲೇ ಬಂತು ಎಂಬುದಕ್ಕೆ ಮಣ್ಣು, ಮಳೆ, ಇತಿಹಾಸದ ದಾಖಲೆ ಒದಗಿಸಬೇಕು. ಕರಾವಳಿಯ ಯಾವ ಬೆಳೆಗೆ, ಯಾವ ತಿನಿಸಿಗೆ ಅಂಥ ಪುರಾವೆ ಇದೆ ಎಂದು ಹುಡುಕುವುದು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಗೆ ಒಳ್ಳೆಯ ಪ್ರಬಂಧವಾಗುತ್ತದೆ, ಊರಿಗೂ ಉಪಕಾರವಾಗುತ್ತದೆ.

ಬೀಜದ ಒಡೆತನ

ಬೆಳ್ತಂಗಡಿ ತಾಲ್ಲೂಕಿನ ಮಿತ್ತಬಾಗಿಲಿನ ಬಿ.ಕೆ. ದೇವರಾವ್ ಅವರು ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಗದ್ದೆಯಲ್ಲೇ ಉಳಿಸಿದವರು. ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿ 650ಕ್ಕೂ ಹೆಚ್ಚು ತಳಿಗಳನ್ನು ಕಾಪಾಡಿ 2024ರಲ್ಲಿ ಪದ್ಮಶ್ರೀ ಪಡೆದರು. ಗದ್ದೆಗಳು ಹಡಿಲು ಬೀಳುತ್ತಿರುವ, ಉಳಿದವು ತೋಟವಾಗುತ್ತಿರುವ ಈ ಕಾಲದಲ್ಲಿ ಅವರ ಮನೆಯ ಬೀಜದ ಪೆಟ್ಟಿಗೆಗಳೇ ನಮ್ಮ ಬ್ಯಾಂಕು. ಆ ಬೀಜಗಳು ಕಾನೂನಿನ ಕಣ್ಣಿನಲ್ಲಿ ಯಾರವು?

ಗಿಡಕ್ಕೆ, ಬೀಜಕ್ಕೆ, ತಳಿಗೆ ಭಾರತದಲ್ಲಿ ಪೇಟೆಂಟ್ ಇಲ್ಲ. ಅದರ ಬದಲಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಿದೆ. ತಳಿ ಅಭಿವೃದ್ಧಿಪಡಿಸಿದ ಸಂಸ್ಥೆಯ ಹಕ್ಕಿನ ಜೊತೆಗೆ ರೈತನ ಹಕ್ಕನ್ನೂ ಹೆಸರಿನಲ್ಲೇ ಇಟ್ಟುಕೊಂಡ ಕಾಯ್ದೆ ಅದು. ಅದರ 39ನೇ ಸೆಕ್ಷನ್ ಪ್ರಕಾರ ರೈತ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಚ್ಚಿ ಮಾರುವುದಕ್ಕೆ ಮಾತ್ರ ತಡೆ. ಈ ಸೆಕ್ಷನ್ ಎಷ್ಟು ಬಲವಾದದ್ದೆಂದು 2019ರಲ್ಲಿ ಗುಜರಾತಿನಲ್ಲಿ ದೇಶ ಕಂಡಿತು. ಆಲೂಗಡ್ಡೆ ತಳಿಯೊಂದನ್ನು ಬೆಳೆದರೆಂದು ಪೆಪ್ಸಿಕೊ ಕಂಪನಿ ರೈತರ ಮೇಲೆ ಹೂಡಿದ ಮೊಕದ್ದಮೆಗಳನ್ನು ಸಾರ್ವಜನಿಕ ವಿರೋಧದ ನಡುವೆ ಹಿಂದೆಗೆದುಕೊಂಡಿತು. ರೈತರ ಪರ ನಿಂತವರ ಕೈಯಲ್ಲಿದ್ದ ಮುಖ್ಯ ಆಧಾರ ಈ 39ನೇ ಸೆಕ್ಷನ್.

ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬಹುದು, ಅದಕ್ಕೆ ನೋಂದಣಿ ಶುಲ್ಕವಿಲ್ಲ. ಒಂದು ತಳಿ ರೂಪುಗೊಳ್ಳಲು ಒಂದು ಊರಿನ ಜನ ಕಾರಣರಾಗಿದ್ದರೆ, ಆ ಊರಿನ ಪರವಾಗಿ ಯಾರು ಬೇಕಾದರೂ ಹಕ್ಕು ಮಂಡಿಸಬಹುದು ಎನ್ನುತ್ತದೆ 41ನೇ ಸೆಕ್ಷನ್. ತಳಿಯ ಎತ್ತರ, ತೆನೆಯ ಉದ್ದ, ಕಾಳಿನ ಬಣ್ಣ, ಹೂ ಬಿಡುವ ದಿನ ಎಲ್ಲವನ್ನೂ ಅಳೆದು ಬರೆದು ಅದು ಬೇರೆ ತಳಿಗಳಿಗಿಂತ ಹೇಗೆ ಭಿನ್ನ ಎಂದು ತೋರಿಸಬೇಕು. ಎಂಬತ್ತು ದಾಟಿದ ಕೃಷಿಕನೊಬ್ಬ ಇದನ್ನು ಒಂಟಿಯಾಗಿ ಮಾಡಲಾರ. ಸಸ್ಯಶಾಸ್ತ್ರ ಓದಿದ ಹುಡುಗಿಯೊಬ್ಬಳು ಒಂದು ಬೆಳೆಗಾಲ ಗದ್ದೆಯಲ್ಲಿ ಕಳೆದರೆ ಮಾಡಬಲ್ಲಳು.

ಹೀಗೆ ಮಾಡಿದರೆ ಸಿಗುವ ಫಲಕ್ಕೆ ತುಮಕೂರಿನ ಉದಾಹರಣೆ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮನೆಯ ಹಿತ್ತಿಲಿನಲ್ಲಿದ್ದ, ತಾಮ್ರವರ್ಣದ ತೊಳೆಯ ಹಲಸಿನ ಮರವನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. ಮರ ನೆಟ್ಟ ಸಿದ್ದಪ್ಪನವರ ನೆನಪಿಗೆ ಅದಕ್ಕೆ ‘ಸಿದ್ದು’ ಎಂದು ಹೆಸರಿಟ್ಟರು. 2017ರಲ್ಲಿ ಸಂಸ್ಥೆ ಆ ಕುಟುಂಬದೊಂದಿಗೆ ಒಪ್ಪಂದ ಮಾಡಿಕೊಂಡಿತು. ಸಂಸ್ಥೆ ಕಸಿ ಸಸಿ ಬೆಳೆಸಿ ಮಾರುವುದು, ಬಂದ ಆದಾಯದಲ್ಲಿ ಶೇ 75 ಕುಟುಂಬಕ್ಕೆ. ಹಲಸಿಗೆ ಹೆಸರಾದ ಬಂಟ್ವಾಳದಲ್ಲಿ ಇಂಥ ಮರಗಳು ಎಷ್ಟಿವೆಯೋ. ಕೊಂಬೆ ಕೇಳಿದವರಿಗೆಲ್ಲ ಕೊಡುವ ಮನಸ್ಸಿನವರ ಅಂಗಳದಲ್ಲಿ ಅವು ನಿಂತಿವೆ.

ಸಂಶೋಧನಾ ಸಂಸ್ಥೆಗಾಗಿ ದೂರ ಹೋಗಬೇಕಿಲ್ಲ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲೇ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. ಈಗ ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಗೆ ಸೇರಿದ್ದು. ಮಂಗಳ, ಸುಮಂಗಳ, ಶ್ರೀಮಂಗಳ ತಳಿಗಳು ನಮ್ಮ ತೋಟಗಳಿಗೆ ಬಂದದ್ದು ಅಲ್ಲಿನ ಕೆಲಸದಿಂದ. ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳದ ಜೊತೆ ಕೂಡಿಸಿ ಪಡೆದ ಕುಬ್ಜ ಮಿಶ್ರತಳಿಯ ಹೆಸರು ‘ವಿಟಿಎಲ್‌ಎಎಚ್-1’. ಅದರ ಮೊದಲ ಮೂರು ಅಕ್ಷರ ವಿಟ್ಲದವು. ತಳಿಯ ಸಂಕೇತನಾಮದಲ್ಲೇ ಊರು ಉಳಿದಿದೆ. ತಳಿಶಾಸ್ತ್ರ ಮತ್ತು ಕಾನೂನು ಎರಡನ್ನೂ ಬಲ್ಲ ವಿದ್ಯಾರ್ಥಿಗೆ ಇಂಥ ಕೇಂದ್ರ ಕೈಗೆಟುಕುವ ದೂರದಲ್ಲಿರುವುದು ಸಣ್ಣ ಅನುಕೂಲವಲ್ಲ.

ಎಲ್ಲರದ್ದಾಗಿಯೇ ಉಳಿಯಬೇಕಾದದ್ದು

ಇಷ್ಟು ಓದಿದವರಿಗೆ ಒಂದು ಅನುಮಾನ ಬರಬಹುದು. ಎಲ್ಲಕ್ಕೂ ಬೇಲಿ ಹಾಕುತ್ತ ಹೋದರೆ ಊರಿನ ಕೊಡುಕೊಳ್ಳುವ ಬದುಕು ಏನಾಗಬೇಕು? ಈ ಅನುಮಾನ ನ್ಯಾಯವಾದದ್ದು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಶ್ರೀ ಪಡ್ರೆಯವರ ನೇತೃತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟು, ಒಬ್ಬರ ತೋಟದ ಅನುಭವವನ್ನು ಸಾವಿರ ತೋಟಗಳಿಗೆ ಮುಟ್ಟಿಸಿತು. ಅದರಿಂದ ಆದ ಒಳಿತು ಅಳತೆಗೆ ಸಿಗದು. ಅದಕ್ಕಿಂತ ಹಿಂದೆ ನೋಡಿದರೆ, ದ್ರಾಕ್ಷಿಯ ರೋಗಕ್ಕೆಂದು ಫ್ರಾನ್ಸಿನ ಮಿಲಾರ್ದೆ 1885ರಲ್ಲಿ ಪ್ರಕಟಿಸಿದ ಬೋರ್ಡೊ ದ್ರಾವಣವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿ 1910ರ ಸುಮಾರಿಗೆ ಬರೆದರು. ಇವತ್ತಿಗೂ ಮೈಲುತುತ್ತು, ಸುಣ್ಣ ಕಲಸುವ ಯಾವ ಬೆಳೆಗಾರನೂ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ತೆರೆದಿಟ್ಟ ಜ್ಞಾನ ಎಷ್ಟು ತೋಟಗಳನ್ನು ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಬೌದ್ಧಿಕ ಆಸ್ತಿ ಕಲಿತವನೇ ಈ ತೆರೆದ ಜ್ಞಾನದ ಒಳ್ಳೆಯ ಕಾವಲುಗಾರನಾಗುತ್ತಾನೆ. ಅರಿಸಿನಕ್ಕೆ ಗಾಯ ಮಾಯಿಸುವ ಗುಣವಿದೆಯೆಂದು 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹಳೆಯ ಗ್ರಂಥ ಮತ್ತು ಲೇಖನಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಬೇವಿನ ಎಣ್ಣೆಯ ಶಿಲೀಂಧ್ರನಾಶಕ ಗುಣಕ್ಕೆ ಯುರೋಪಿನಲ್ಲಿ ಕೊಟ್ಟಿದ್ದ ಪೇಟೆಂಟ್ 2000ದಲ್ಲಿ ರದ್ದಾಗಿ, ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು. ಎರಡೂ ಕಡೆ ಗೆದ್ದದ್ದು ಬರೆದಿಟ್ಟ ದಾಖಲೆ ಮತ್ತು ಅದನ್ನು ಮಂಡಿಸಬಲ್ಲ ಜನ. ಅಜ್ಜಿಗೆ ಗೊತ್ತಿತ್ತು ಎಂಬ ಮಾತು ಎಷ್ಟೇ ನಿಜವಾಗಿದ್ದರೂ ಪೇಟೆಂಟ್ ಕಚೇರಿಯಲ್ಲಿ ದಾಖಲೆಯಿಲ್ಲದೆ ನಿಲ್ಲುವುದು ಕಷ್ಟ.

ಇಂಥ ತೆರೆದ ಜ್ಞಾನ ನಮ್ಮ ಊರಿನಲ್ಲೂ ಉಂಟು. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಮತ್ತೆ ಕೊರೆದು ನೀರು ತಂದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮುರಕಲ್ಲಿನ ಗುಡ್ಡದ ಒಡಲಿನಿಂದ ಅಡ್ಡಕ್ಕೆ ನೀರು ಹರಿಸುವ ಆ ವಿದ್ಯೆ ಬಂಟ್ವಾಳದಿಂದ ಕಾಸರಗೋಡಿನವರೆಗೆ ತಲೆಮಾರುಗಳಿಂದ ಬಂದದ್ದು. ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಕೊಡಬಾರದೆಂದು ನಮ್ಮ ಪೇಟೆಂಟ್ ಕಾಯ್ದೆಯೇ ಹೇಳುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಊರಿನ ಗಿಡಮೂಲಿಕೆ, ತಳಿ, ನಾಟಿ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಆ ಪುಸ್ತಕ ತುಂಬುವ ಕೆಲಸಕ್ಕೆ ತುಳು, ಕನ್ನಡ ಬಲ್ಲ, ಗಿಡದ ಹೆಸರೂ ಕಾನೂನಿನ ಹೆಸರೂ ಗೊತ್ತಿರುವ ವಿದ್ಯಾರ್ಥಿಗಳು ಬೇಕು.

ಜ್ಞಾನವನ್ನು ಕಾಪಿಡುವುದಕ್ಕೂ ಹಂಚುವುದಕ್ಕೂ ಇರುವ ಸಂಬಂಧವನ್ನು ಮೂಡುಬಿದಿರೆಗಿಂತ ಚೆನ್ನಾಗಿ ಬಲ್ಲ ಊರು ಕಡಿಮೆ. ಜೈನ ಸಿದ್ಧಾಂತದ ಧವಲ, ಜಯಧವಲ, ಮಹಾಧವಲ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದದ್ದು ಇಲ್ಲಿನ ಸಿದ್ಧಾಂತ ಬಸದಿಯಲ್ಲಿ. ಭಕ್ತರು ದರ್ಶನ ಪಡೆಯುತ್ತಿದ್ದರು, ಪ್ರತಿ ಹೊರಗೆ ಹೋಗುತ್ತಿರಲಿಲ್ಲ. ಆ ಕಟ್ಟುನಿಟ್ಟಿನ ರಕ್ಷಣೆಯಿಂದಲೇ ಗ್ರಂಥ ಬದುಕಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲ ಅಚ್ಚಾಗತೊಡಗಿತು. ಆಗಲೇ ಅದರೊಳಗಿನ ಗಣಿತ, ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದು ಎಂದು ಎಣಿಸುವ ‘ಅರ್ಧಚ್ಛೇದ’ದಂಥ ಪರಿಕಲ್ಪನೆ, ಗಣಿತದ ಇತಿಹಾಸಕಾರರ ಕಣ್ಣಿಗೆ ಬಿತ್ತು. ಪೇಟೆಂಟ್ ವ್ಯವಸ್ಥೆ ಮಾಡಿಕೊಂಡಿರುವುದೂ ಇಂಥದೇ ಒಪ್ಪಂದವನ್ನು. ಗುಟ್ಟಾಗಿಡಬೇಡ, ಪೂರ್ತಿ ಬರೆದುಕೊಡು. 20 ವರ್ಷ ನಿನ್ನದು, ಆಮೇಲೆ ಲೋಕದ್ದು. ಅರ್ಜಿ ಹಾಕಿದ 18 ತಿಂಗಳಿಗೆ ಅದು ಪ್ರಕಟವಾಗಿ ಯಾರು ಬೇಕಾದರೂ ಓದಬಹುದು. ಅವಧಿ ಮುಗಿದ ಲಕ್ಷಾಂತರ ಪೇಟೆಂಟ್‌ಗಳು ಉಚಿತ ಗ್ರಂಥಾಲಯವಾಗಿ ಬಿದ್ದುಕೊಂಡಿವೆ. ಎಂಜಿನಿಯರಿಂಗ್ ವಿದ್ಯಾರ್ಥಿ ಪ್ರಾಜೆಕ್ಟ್ ಆರಂಭಿಸುವ ಮೊದಲು ಅವನ್ನು ಓದಿದರೆ ಬೇರೆಯವರು ಎಂದೋ ಪರಿಹರಿಸಿದ ಸಮಸ್ಯೆಯ ಮೇಲೆ ಒಂದು ವರ್ಷ ಕಳೆಯುವುದು ತಪ್ಪುತ್ತದೆ.

ರಂಗಸ್ಥಳದ ಮೇಲಿನ ಹಕ್ಕು

ಯಂತ್ರ, ಬೀಜದ ಮಾತಾಯಿತು. ಧರ್ಮಸ್ಥಳ ಮೇಳದ ಆಟ ನೋಡಿ ಬೆಳೆದವರಿಗೆ ಕಲೆಯ ಮಾತೂ ಬೇಕು. ಯಕ್ಷಗಾನದ ಹಳೆಯ ಪ್ರಸಂಗಗಳು ಎಲ್ಲರವು. ಆದರೆ ಹೊಸದಾಗಿ ಕಟ್ಟಿದ ರಂಗರೂಪ? ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯ ರೂಪಕ್ಕೆ ತಂದು ಪ್ರಸಂಗಗಳನ್ನು ಹೊಸದಾಗಿ ಸಂಯೋಜಿಸಿದ್ದರು. 1997ರಲ್ಲಿ ಅವರು ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನವಾದಾಗ, ಉಯಿಲಿನ ಮೂಲಕ ಹಕ್ಕು ಪಡೆದವರು ಉಡುಪಿಯ ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿ 2009ರ ಜನವರಿಯಲ್ಲಿ ತೀರ್ಮಾನವಾಯಿತು. ಕಾರಂತರ ಸಂಯೋಜನೆಗೆ ಕೃತಿಸ್ವಾಮ್ಯವಿದೆ, ಅದು ಉಯಿಲಿನ ಪ್ರಕಾರ ವಾರಸುದಾರರಿಗೆ ಸೇರಿದೆ ಎಂದ ನ್ಯಾಯಾಲಯ, ಶಿಕ್ಷಣ ಸಂಸ್ಥೆಗಳಿಗೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕೊಟ್ಟಿರುವ ವಿನಾಯಿತಿಯನ್ನೂ ಎತ್ತಿ ಹಿಡಿಯಿತು. ಸಾಹಿತ್ಯಕೃತಿ ಬೇರೆ, ನಾಟಕಕೃತಿ ಬೇರೆ ಎಂಬ ವಿವೇಚನೆಗೆ ದೇಶದ ಕಾನೂನು ತರಗತಿಗಳಲ್ಲಿ ಓದುವ ತೀರ್ಪು ನಮ್ಮ ರಂಗಸ್ಥಳದಿಂದಲೇ ಹೋದದ್ದು.

ಕೃತಿಸ್ವಾಮ್ಯ ಲೇಖಕನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಭಾಗವತರ ಹಾಡಿಗೆ, ವೇಷಧಾರಿಯ ಅಭಿನಯಕ್ಕೆ ಪ್ರತ್ಯೇಕವಾಗಿ ಪ್ರದರ್ಶಕರ ಹಕ್ಕು ಉಂಟು, ಅದರ ಅವಧಿ 50 ವರ್ಷ. ಇಡೀ ರಾತ್ರಿಯ ಆಟವನ್ನು ಮೊಬೈಲಿನಲ್ಲಿ ಹಿಡಿದು ಜಾಲತಾಣಕ್ಕೆ ಏರಿಸಿ ಜಾಹೀರಾತಿನ ಹಣ ಪಡೆಯುವಾಗ ಆ ಕಲಾವಿದರ ಒಪ್ಪಿಗೆ ಬೇಕು. ಸಂಬಳದ ಹೊರತು ಬೇರೇನೂ ಕಾಣದ ಕಲಾವಿದರಿಗೆ ಇದನ್ನು ತಿಳಿಸಿ ಹೇಳುವುದು ಕಲೆಯ ಸೇವೆಯೇ.

ಯಾರು ಕಲಿಯಬಹುದು

ಬೌದ್ಧಿಕ ಆಸ್ತಿ ಎಂದರೆ ವಕೀಲರ ವಿಷಯ ಎಂಬ ಭಾವನೆ ವಿಜ್ಞಾನ ವಿದ್ಯಾರ್ಥಿಗಳಲ್ಲಿದೆ. ಪೇಟೆಂಟ್ ಮಟ್ಟಿಗೆ ಅದು ಸರಿಯಲ್ಲ. ಪೇಟೆಂಟ್ ಏಜೆಂಟ್ ಆಗಲು 21 ವರ್ಷ ತುಂಬಿದ ಭಾರತೀಯರಾಗಿರಬೇಕು, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಬೇಕು, ಪೇಟೆಂಟ್ ಕಚೇರಿ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಎರಡು ಪತ್ರಿಕೆ, ಒಂದು ಮೌಖಿಕ. ಕಾನೂನು ಪದವಿ ಕಡ್ಡಾಯವಲ್ಲ. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲೋ ಮೂಡುಬಿದಿರೆಯ ಆಳ್ವಾಸ್‌ನಲ್ಲೋ ಬಂಟ್ವಾಳದ ಎಸ್‌ವಿಎಸ್‌ನಲ್ಲೋ ಬಿಎಸ್ಸಿ ಓದುವವರಿಗೆ, ಬಡಗಮಿಜಾರಿನ ಮೈಟ್‌ನಲ್ಲಿ ಎಂಜಿನಿಯರಿಂಗ್ ಓದುವವರಿಗೆ ಈ ದಾರಿ ತೆರೆದಿದೆ. ಆರಂಭಕ್ಕೆ ವಿಶ್ವ ಬೌದ್ಧಿಕ ಆಸ್ತಿ ಸಂಘಟನೆಯ ಉಚಿತ ಆನ್‌ಲೈನ್ ಕೋರ್ಸ್ ಇದೆ. ಆಳವಾಗಿ ಓದಲು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. 2023-24ರ ಒಂದೇ ವರ್ಷದಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್‌ಗಳು ಮಂಜೂರಾದವು. ಉದ್ಯೋಗದ ದೃಷ್ಟಿಯಿಂದಲೂ ಇದು ಬೆಳೆಯುತ್ತಿರುವ ಕ್ಷೇತ್ರ.

ತಮ್ಮದೇ ಹಿತಕ್ಕಾಗಿಯೂ ವಿದ್ಯಾರ್ಥಿಗಳು ಇದನ್ನು ಅರಿಯಬೇಕು. ಕಾಲೇಜುಗಳ ಶ್ರೇಯಾಂಕದಲ್ಲಿ ಪೇಟೆಂಟ್‌ಗೆ ಅಂಕ ಬಂದ ಮೇಲೆ ಅರ್ಜಿಗಳ ಸಂಖ್ಯೆ ಏರಿದೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿಯೂ ಸಿಕ್ಕಿದೆ. ಆದರೆ ಪೇಟೆಂಟ್ ಪ್ರಕಟವಾಗಿದೆ ಎಂದರೆ ಮಂಜೂರಾಗಿದೆ ಎಂದಲ್ಲ. ಅರ್ಜಿ ಹಾಕಿದರೆ ಸಾಮಾನ್ಯವಾಗಿ ಪ್ರಕಟವಾಗುತ್ತದೆ, ಪರೀಕ್ಷಣೆ ದಾಟಿದ್ದು ಮಾತ್ರ ಮಂಜೂರಾಗುತ್ತದೆ. ನಿಮ್ಮ ಪ್ರಾಜೆಕ್ಟಿನ ಅರ್ಜಿಯಲ್ಲಿ ಆವಿಷ್ಕಾರಕರ ಕಾಲಂನಲ್ಲಿ ನಿಮ್ಮ ಹೆಸರಿದೆಯೇ, ಒಡೆತನ ಯಾರ ಹೆಸರಿಗೆ ಹೋಗುತ್ತಿದೆ, ಲಾಭ ಬಂದರೆ ನಿಮಗೆಷ್ಟು ಎಂದು ಸಹಿ ಹಾಕುವ ಮೊದಲೇ ಓದಿ ತಿಳಿಯಬೇಕು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಭಾಷೆಯದು. ಭಾರತದಲ್ಲಿ ಪೇಟೆಂಟ್ ಅರ್ಜಿಯನ್ನು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಮಾತ್ರ ಸಲ್ಲಿಸಬಹುದು. ತುಳುವಿನಲ್ಲಿ, ಹವ್ಯಕ ಕನ್ನಡದಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಯೋಚಿಸುವ ಕೃಷಿಕನ ಯಂತ್ರ ಆ ಭಾಷೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ನಗರದ ಏಜೆಂಟನಿಗೆ ಅಡಿಕೆ ಮರದ ನುಣುಪು, ಮಳೆಯಲ್ಲಿ ಅದು ಜಾರುವ ಬಗೆ, ಗಾಳಿಗೆ ಬಾಗುವ ರೀತಿ ಗೊತ್ತಿರುವುದಿಲ್ಲ. ಪೇಟೆಂಟ್ ಅರ್ಜಿಯ ಜೀವ ಇರುವುದು ಹಕ್ಕುಕೋರಿಕೆಗಳಲ್ಲಿ. ಆವಿಷ್ಕಾರದ ಯಾವ ಅಂಶ ಹೊಸದು, ಎಲ್ಲಿಯವರೆಗೆ ತನ್ನದು ಎಂದು ಕರಾರುವಾಕ್ಕಾಗಿ ಗೆರೆ ಎಳೆಯುವ ವಾಕ್ಯಗಳು ಅವು. ಕೃಷಿಕನ ಮಾತು ಅರ್ಥವಾಗದವನು ಆ ವಾಕ್ಯ ಬರೆದರೆ ಹಕ್ಕು ಕಾಗದದಲ್ಲಿ ಉಳಿದು ಯಂತ್ರ ಹೊರಗೆ ಉಳಿಯುತ್ತದೆ. ಗಾಂಧಿನಗರದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಹಳ್ಳಿಯ ಆವಿಷ್ಕಾರಕರಿಗೆ ಪೇಟೆಂಟ್ ಪಡೆಯಲು ನೆರವು ಕೊಡುತ್ತದೆ. ಅದರ ಬಾಗಿಲವರೆಗೆ ಕೊಟ್ಟಿಗೆಯ ಯೋಚನೆಯನ್ನು ಒಯ್ಯಲೂ ಯಾರಾದರೂ ಬೇಕು.

ಪ್ರತಿ ಶುಕ್ರವಾರ ಪೇಟೆಂಟ್ ಕಚೇರಿಯ ಅಧಿಕೃತ ಜರ್ನಲ್ ಅಂತರ್ಜಾಲದಲ್ಲಿ ಪ್ರಕಟವಾಗುತ್ತದೆ. ಆ ವಾರ ಹೊರಬಂದ ಅರ್ಜಿಗಳೆಲ್ಲ ಅದರಲ್ಲಿರುತ್ತವೆ. ನಮ್ಮ ಹಿರಿಯರಿಗೆ ಮೊದಲೇ ಗೊತ್ತಿದ್ದ ಮದ್ದಿಗೋ ಉಪಾಯಕ್ಕೋ ಯಾರಾದರೂ ಹಕ್ಕು ಕೇಳಿದ್ದರೆ, ಅದು ಮಂಜೂರಾಗುವ ಮೊದಲು ಆಕ್ಷೇಪಿಸುವ ಅವಕಾಶವನ್ನು ಪೇಟೆಂಟ್ ಕಾಯ್ದೆಯ 25ನೇ ಸೆಕ್ಷನ್ ಯಾವುದೇ ವ್ಯಕ್ತಿಗೆ ಕೊಟ್ಟಿದೆ. ದೊಡ್ಡ ಸಂಸ್ಥೆಯೇ ಆಗಬೇಕಿಲ್ಲ, ವಕೀಲನೇ ಆಗಬೇಕಿಲ್ಲ. ದಾಖಲೆ ಹಿಡಿದು ಬರೆಯಬಲ್ಲವನಾಗಿದ್ದರೆ ಸಾಕು. ಹಾಗೆಯೇ ನಮ್ಮವರ ಹೊಸ ಯೋಚನೆಯೊಂದು ಹಕ್ಕಿಗೆ ಅರ್ಹವಾಗಿದ್ದರೆ ಅದನ್ನು ಅದೇ ಜರ್ನಲ್ಲಿನ ಪುಟಕ್ಕೆ ಸೇರಿಸಬಹುದು. ಹಂಚಿಬಿಡಬೇಕೆಂದು ಯೋಚನೆಯ ಒಡೆಯನೇ ನಿರ್ಧರಿಸಿದರೆ, ಬೇರೆ ಯಾರೂ ಮುಂದೆ ಅದನ್ನು ಕಬಳಿಸದಂತೆ ದಿನಾಂಕ ಸಹಿತ ಪ್ರಕಟಿಸಿ ಹಂಚಬಹುದು. ಮೂರೂ ಕೆಲಸಕ್ಕೆ ಬೇಕಾದ ವಿದ್ಯೆ ಒಂದೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಿಂದ ವರ್ಷಕ್ಕೆ ಹತ್ತು ಮಂದಿ ಈ ವಿದ್ಯೆ ಕಲಿತು ಊರಿನ ಕಡೆ ಮುಖಮಾಡಿ ನಿಂತರೆ, ಇಲ್ಲಿನ ಜನ ಕೊಡುವುದನ್ನು ಬಿಡಬೇಕಿಲ್ಲ. ಏನನ್ನು ಕೊಡುತ್ತಿದ್ದೇವೆ, ಯಾರಿಗೆ ಕೊಡುತ್ತಿದ್ದೇವೆ ಎಂಬುದು ಮಾತ್ರ ಅವರಿಗೆ ಗೊತ್ತಿರುತ್ತದೆ.